ಗುತ್ತಿಗೆ ಕಾವಲುಗಾರರ ತಕರಾರು: ಎರಡೂ ಕಡೆಯ ತಪ್ಪು ತಿಳಿವಳಿಕೆ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸೀಮೆಯಲ್ಲಿ ಕಾಣುವ ಗಾಳಿ ವಿದ್ಯುತ್ ಘಟಕಗಳಂಥ ಕಡೆ ಸೆಕ್ಯುರಿಟಿ ಗಾರ್ಡುಗಳಿಗೂ ಅವರನ್ನು ಒದಗಿಸುವ ಏಜೆನ್ಸಿಗೂ ಸಂಬಳದ ತಕರಾರು ಎದ್ದರೆ, ಕಂಪನಿಯ ಕಡೆಯಿಂದ ಸಾಮಾನ್ಯವಾಗಿ ಬರುವ ಮಾತು ‘ಅವರು ನಮ್ಮ ನೌಕರರಲ್ಲ, ಏಜೆನ್ಸಿಯವರನ್ನು ಕೇಳಿ’ ಎಂಬುದು. ಈ ಮಾತಿನ ಮೊದಲರ್ಧ ಎಷ್ಟೋ ಸಲ ನಿಜವಾದರೂ ಎರಡನೆಯರ್ಧ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಪ್ರಧಾನ ಮಾಲೀಕ, ಅಂದರೆ ಯಾರ ಕೆಲಸಕ್ಕೆಂದು ಜನರನ್ನು ಕರೆಸಿಕೊಳ್ಳಲಾಗಿದೆಯೋ ಆ ಸಂಸ್ಥೆ, ತಾನೇ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಗುತ್ತಿಗೆ ಕಾರ್ಮಿಕರ ಅಧ್ಯಾಯವು 20ರ ಬದಲು 50 ಜನರಿರುವ ಕಡೆಗಷ್ಟೇ ಅನ್ವಯಿಸುತ್ತದೆ. ಇದು ಚಿಕ್ಕ ಏಜೆನ್ಸಿಗಳ ಗಾರ್ಡುಗಳಿಗೆ ನಷ್ಟವೇ. ಆದರೆ ವೇತನ ಸಂಹಿತೆಯ 43ನೇ ಕಲಮು ಬಾಕಿ ಸಂಬಳದ ಹೊಣೆಯನ್ನು ಸಂಸ್ಥೆಯ ಒಡೆಯನಿಗೂ ಅಂಟಿಸುವಾಗ ಅಂಥ ಸಂಖ್ಯೆಯ ಮಿತಿ ಹಾಕಿಲ್ಲ.

ಗಾರ್ಡುಗಳ ನಡುವೆ ಬೇರೂರಿರುವ ನಂಬಿಕೆಯೂ ಅಷ್ಟೇ ದುರ್ಬಲವಾದುದು: 240 ದಿನ ಡ್ಯೂಟಿ ಮಾಡಿದರೆ ಪರ್ಮನೆಂಟ್ ಆಗುತ್ತದೆ ಎಂಬುದು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರನ್ನು ಕಾನೂನು ಒಂದು ವರ್ಷದ ನಿರಂತರ ಸೇವೆಯವರೆಂದು ಎಣಿಸುತ್ತದೆ. ಅದರ ಫಲವಾಗಿ ಛಾಂಟಿಗೆ, ಎಂದರೆ ಹೆಚ್ಚುವರಿಯೆಂದು ಕೆಲಸದಿಂದ ತೆಗೆಯುವುದಕ್ಕೆ, ತಿಂಗಳ ನೋಟಿಸು ಅಥವಾ ಅಷ್ಟು ದಿನದ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸರಾಸರಿ ವೇತನದಂತೆ ಪರಿಹಾರ ಸಿಗಬೇಕು. ಕಾಯಂ ನೌಕರಿ ಅದರಿಂದ ಹುಟ್ಟುವುದಿಲ್ಲ. ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದರೂ ಕಾರ್ಮಿಕರು ತಾವಾಗಿಯೇ ಪ್ರಧಾನ ಮಾಲೀಕನ ನೌಕರರಾಗುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪಿತ್ತು, ಗುತ್ತಿಗೆ ಬರೀ ಕಾಗದದ ತೋರಿಕೆಯೆಂದು ಸಾಬೀತಾದರೆ ಮಾತ್ರ ಬೇರೆ ಮಾತೆಂದು ಹೇಳಿತು. ಹೊಸ ಸಂಹಿತೆಯಂತೂ ಕಾವಲು ಕೆಲಸವನ್ನು, ಸಂಸ್ಥೆ ಅದಕ್ಕೆಂದೇ ಸ್ಥಾಪನೆಯಾಗಿರದಿದ್ದರೆ, ಅದರ ಮುಖ್ಯ ಚಟುವಟಿಕೆಯಲ್ಲವೆಂದೇ ಬರೆದಿದೆ.

ಕೂತು ಕಾಯುವ ಕೆಲಸಕ್ಕೆ ಓಟಿ ಯಾಕೆ ಎಂಬ ಪ್ರಶ್ನೆಯೂ ಆಗಾಗ ಕೇಳಿಬರುತ್ತದೆ. ರಾತ್ರಿ ಎಂಟಕ್ಕೆ ಕ್ಯಾಬಿನ್ನಿನ ರಿಜಿಸ್ಟರಿನಲ್ಲಿ ಸಹಿ ಹಾಕಿ, ಬೆಳಿಗ್ಗೆ ಎಂಟಕ್ಕೆ ರಿಲೀವರ್ ಬರುವ ತನಕ ಜಾಗ ಬಿಡುವಂತಿಲ್ಲದವನ ಹೊತ್ತು ಅವನದ್ದಲ್ಲ. ನಿಗದಿತ ಅವಧಿ ಮೀರಿದ ಕೆಲಸಕ್ಕೆ ಎರಡು ಪಟ್ಟು ದರವೇ ನಿಯಮ. ನಡುನಡುವೆ ಬಿಡುವಿರುವ ಕೆಲಸಗಳಿಗೆ ಸರ್ಕಾರ ಬೇರೆ ಷರತ್ತು ವಿಧಿಸಬಹುದಾದರೂ, ಆ ವಿನಾಯಿತಿಯನ್ನು ಏಜೆನ್ಸಿ ತನಗೆ ತಾನೇ ಕೊಟ್ಟುಕೊಳ್ಳಲಾಗದು.

ಹೇಳದೆ ಕೇಳದೆ ಡ್ಯೂಟಿ ನಿಲ್ಲಿಸುವುದು ಹಕ್ಕೆಂದು ಭಾವಿಸುವುದು ಈಗ ಅಪಾಯಕಾರಿ, ಏಕೆಂದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಯಾವುದೇ ಕೈಗಾರಿಕಾ ಸಂಸ್ಥೆಯ ಮುಷ್ಕರಕ್ಕೂ 14 ದಿನ ಮುಂಚಿನ ನೋಟಿಸು ಬೇಕು. ಬಾಕಿ ಸಂಬಳ ಕೇಳಲು ಮುಷ್ಕರವೇ ಆಗಬೇಕೆಂದೂ ಇಲ್ಲ: ಮೂರು ವರ್ಷದೊಳಗೆ ಗಾರ್ಡು ತಾನೇ ಅಥವಾ ಅವನ ಸಂಘ ವೇತನ ಸಂಹಿತೆಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಮತ್ತು ಅಲ್ಲಿ ಹಣ ಕೊಟ್ಟಾಗಿದೆಯೆಂದು ರುಜುವಾತು ಮಾಡುವ ಹೊರೆ ಕೇಳಿದವನದಲ್ಲ, ಮಾಲೀಕನದು.