130 ಡಾಲರಿಗೆ ಮಾರಿದ ಮಹಾವೀರ

ಲೋಕದ ಮಕ್ಕಳಿಗೆಲ್ಲ ಪರಿಚಿತನಾದ ಸೂಪರ್‌ಮ್ಯಾನನಿಗೆ ಹುಟ್ಟಿದಾಗ ಹಾರಲು ಬರುತ್ತಿರಲಿಲ್ಲವೆಂದರೆ ನಂಬುವಿರಾ? 1938ರಲ್ಲಿ ಅಮೆರಿಕದ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ, ಹತ್ತು ಸೆಂಟ್ ಬೆಲೆಯ ಅಗ್ಗದ ಹಾಳೆಗಳ ಮೇಲೆ ಆತ ಅವತರಿಸಿದಾಗ, ಒಂದು ನೆಗೆತಕ್ಕೆ ಒಂದು ಫರ್ಲಾಂಗು ದಾಟಬಲ್ಲವನಾಗಿದ್ದನು, ಅಷ್ಟೆ. ಅವನನ್ನು ಗಗನಕ್ಕೇರಿಸಿದ ಕೀರ್ತಿಯಲ್ಲಿ ಬಾನುಲಿಗೂ ಬೆಳ್ಳಿತೆರೆಗೂ ದೊಡ್ಡ ಪಾಲಿದೆ.

1940ರ ಫೆಬ್ರವರಿಯಲ್ಲಿ ಅವನ ಸಾಹಸಗಳು ರೇಡಿಯೋ ನಾಟಕವಾಗಿ ಮೊದಲಾದುವು. ಚಿತ್ರಕಾರನು ಒಂದು ಗೆರೆಯಲ್ಲಿ ತೋರಿಸುವುದನ್ನು ಕೇಳುಗನ ಕಿವಿಗೆ ಮುಟ್ಟಿಸುವುದು ಹೇಗೆ? ಬೀಸುಗಾಳಿಯ ಭೋರ್ಗರೆತದೊಡನೆ ಅವನನ್ನು ಹಾರಿಸಿಯೇಬಿಟ್ಟರು. ವೇಷ ಬದಲಿಸುವ ಸನ್ನಿವೇಶವಂತೂ ಇನ್ನೂ ಕಠಿಣ. ಬಡ್ ಕಾಲಿಯರ್ ಎಂಬ ನಟರು ಸಾಧುಸ್ವಭಾವದ ಪತ್ರಕರ್ತ ಕ್ಲಾರ್ಕ್ ಕೆಂಟನ ತೆಳುದನಿಯಲ್ಲಿ ವಾಕ್ಯವನ್ನು ಆರಂಭಿಸಿ, ನಡುವೆಯೇ ಕಂಠವನ್ನಿಳಿಸಿ, ಸೂಪರ್‌ಮ್ಯಾನನ ಗಂಭೀರ ಸ್ವರದಲ್ಲಿ ಮುಗಿಸುತ್ತಿದ್ದರು. ಒಂದೇ ಉಸಿರಿನಲ್ಲಿ ಇಬ್ಬರು! ನಾಯಕನ ಬಲವನ್ನು ಉಡುಗಿಸುವ ಕ್ರಿಪ್ಟೊನೈಟ್ ಶಿಲೆಯೂ 1943ರಲ್ಲಿ ರೇಡಿಯೋದಲ್ಲಿ ಜನಿಸಿ, 1949ರಲ್ಲಿ ಪುಸ್ತಕವನ್ನು ಸೇರಿತು. (ಕಿವಿಯ ಈ ವಿದ್ಯೆ ಇನ್ನೂ ಮರೆಯಾಗಿಲ್ಲ. 2022ರಲ್ಲಿ ಬ್ಯಾಟ್‌ಮನ್ನನ ಕಥೆ ಪಾಡ್‌ಕಾಸ್ಟ್ ನಾಟಕವಾಗಿ ಹಿಂದಿಯಲ್ಲಿಯೂ ಕೇಳಿಬಂದಿತು.) ಬಳಿಕ ಚಲಿಸುವ ವ್ಯಂಗ್ಯಚಿತ್ರಗಳು ಬಂದುವು, 1952ರಿಂದ 1958ರವರೆಗೆ ಟೆಲಿವಿಷನ್ನಿನಲ್ಲಿ 104 ಕಂತುಗಳು ಮೂಡಿದುವು. ಹಣ ಹೊಳೆಯಾಗಿ ಹರಿಯಿತು.

ಆ ಹೊಳೆಯ ಮೂಲ ಕ್ಲೀವ್‌ಲೆಂಡ್ ನಗರದ ಇಬ್ಬರು ಬಡ ತರುಣರು. ಜೆರ್ರಿ ಸೀಗಲ್ ಕಥೆ ಬರೆದರೆ ಜೋ ಶುಸ್ಟರ್ ಚಿತ್ರ ಬರೆಯುತ್ತಿದ್ದರು. ಚಿತ್ರದ ಮೇಜು ಕೊಳ್ಳಲು ಹಣವಿಲ್ಲದೆ ಶುಸ್ಟರ್ ತಮ್ಮ ತಾಯಿ ಹಿಟ್ಟು ನಾದುವ ಹಲಗೆಯನ್ನೇ ಬಳಸುತ್ತಿದ್ದರು. ವರ್ಷಗಟ್ಟಲೆ ಪ್ರಕಾಶಕರ ಬಾಗಿಲು ತಟ್ಟಿ ಬೇಸತ್ತವರು, 1938ರಲ್ಲಿ ಹದಿಮೂರು ಪುಟಗಳಿಗೆ ಪುಟಕ್ಕೆ ಹತ್ತರಂತೆ 130 ಡಾಲರು ಪಡೆದು, ಸೂಪರ್‌ಮ್ಯಾನನ ಸಕಲ ಹಕ್ಕುಗಳನ್ನೂ ಬರೆದುಕೊಟ್ಟರು. ಚೆಕ್ಕಿನಲ್ಲಿ ಇಬ್ಬರ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. ತಪ್ಪು ಹೆಸರಿನಲ್ಲೊಮ್ಮೆ, ಸರಿಯಾದ ಹೆಸರಿನಲ್ಲೊಮ್ಮೆ ರುಜು ಹಾಕಬೇಕಾಯಿತು. ಆ ಕಾಗದದ ಚೂರೇ 2012ರ ಹರಾಜಿನಲ್ಲಿ 1,60,000 ಡಾಲರಿಗೆ ಮಾರಾಟವಾಯಿತೆಂದರೆ ನಗಬೇಕೋ ಅಳಬೇಕೋ!

ಮುಂದಿನ ಕೆಲವು ವರ್ಷ ಪುಟಗಳಿಗೆ ಕೂಲಿಯೇನೋ ಚೆನ್ನಾಗಿಯೇ ದೊರೆಯಿತು, ಅದನ್ನು ಮರೆಮಾಚಬಾರದು. ಆದರೆ 1947ರಲ್ಲಿ ಹಕ್ಕನ್ನು ಕೇಳಿ ನ್ಯಾಯಾಲಯದ ಮೆಟ್ಟಿಲೇರಿದಾಗ, ಕೊನೆಗೆ ಸೂಪರ್‌ಮ್ಯಾನ್ ಕಂಪನಿಗೇ ಉಳಿದನು. ಅವನ ಕಥೆಗಳಿಂದ ಇವರ ಹೆಸರುಗಳು ಮಾಯವಾದುವು.

1975ರ ವೇಳೆಗೆ ಸೀಗಲ್ ಲಾಸ್ ಏಂಜಲೀಸಿನಲ್ಲಿ ಗುಮಾಸ್ತೆ. ಶುಸ್ಟರ್ ಕಣ್ಣು ಮಂಜಾಗಿ ನ್ಯೂಯಾರ್ಕಿನಲ್ಲಿ ಸೋದರನ ಆಶ್ರಿತ. ಸೂಪರ್‌ಮ್ಯಾನನ ಭಾರಿ ಚಲಚ್ಚಿತ್ರವೊಂದು ಸಿದ್ಧವಾಗಲಿದೆಯೆಂಬ ಸುದ್ದಿ ಕೇಳಿ ಸೀಗಲ್ಲರ ಒಡಲು ಉರಿಯಿತು. ತಮ್ಮ ಕಥೆಯನ್ನೆಲ್ಲ ತೋಡಿಕೊಂಡು ಪತ್ರಿಕೆಗಳಿಗೆ ಬಹಿರಂಗ ಪತ್ರವನ್ನು ಕಳುಹಿಸಿದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್‌ಸನ್ ಮೊದಲಾದ ವ್ಯಂಗ್ಯಚಿತ್ರಕಾರರು ಅವರ ಪರವಾಗಿ ನಿಂತರು. ನ್ಯಾಯಾಲಯದಲ್ಲಿ ಗೆದ್ದಿದ್ದ ಕಂಪನಿ ಲೋಕನಿಂದೆಗೆ ಅಂಜಿತು. ಆ ಡಿಸೆಂಬರಿನಲ್ಲಿ ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರು ಮಾಶಾಸನ ಗೊತ್ತಾಯಿತು. ಅದೇ ಚಿತ್ರದಲ್ಲಿ, ಕೆಲವೇ ನಿಮಿಷ ನಾಯಕನ ತಂದೆಯಾಗಿ ಕಾಣಿಸಿಕೊಂಡ ಮಾರ್ಲನ್ ಬ್ರಾಂಡೊ ಅವರ ಸಂಭಾವನೆ 37 ಲಕ್ಷ ಡಾಲರು!

ಹಣಕ್ಕಿಂತ ಮಿಗಿಲಾದ ಇನ್ನೊಂದು ಷರತ್ತೂ ಆ ಒಪ್ಪಂದದಲ್ಲಿತ್ತು. 1978ರಲ್ಲಿ ಚಿತ್ರವು ತೆರೆಕಂಡಾಗ, ಮೊದಲಿಗೆ ಬಾಲಕನೊಬ್ಬನು 1938ರ ಕಾಮಿಕ್ ಪುಸ್ತಕದ ಹಾಳೆಗಳನ್ನು ಮಗುಚುತ್ತಾನೆ. ಅನಂತರ ನಕ್ಷತ್ರಗಳ ನಡುವೆ ಹೆಸರುಗಳು ತೇಲಿಬರುತ್ತವೆ. ಸೂಪರ್‌ಮ್ಯಾನನ ಸೃಷ್ಟಿಕರ್ತರು ಸೀಗಲ್ ಮತ್ತು ಶುಸ್ಟರ್ ಎಂದು ಅಲ್ಲಿ ಕಾಣುತ್ತದೆ. ಈ ಸಲ ಕಾಗುಣಿತವೂ ಸರಿಯಾಗಿತ್ತು.