ನೋಯದ ಗಂಟು, ಹುಷಾರು

ಪ್ರಶ್ನೆ: ಪಾದದ ಗಂಟು ನೋಯದಿದ್ದರೆ ಕ್ಯಾನ್ಸರ್ ಅಲ್ಲ ಎಂದರ್ಥವೇ? (ಉಮ್ಮಚಗಿಯಿಂದ)

ಹಾಗೇನಿಲ್ಲ. ಪಾದದ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿ. ಆದರೆ ಸೈನೋವಿಯಲ್ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ವರ್ಷಗಟ್ಟಲೆ ನೋವಿಲ್ಲದೆ ಬೆಳೆಯಬಲ್ಲದು, ಹರೆಯದವರನ್ನೂ ಬಿಡದು.

ಬರಿಗಾಲಲ್ಲಿ ಅಡಕೆ ತೋಟಕ್ಕಿಳಿಯುವವರು ಇನ್ನೊಂದು ವೇಷಧಾರಿಯನ್ನೂ ಅರಿತಿರಬೇಕು: ಮದುರಾ ಪಾದ. 1842ರಲ್ಲಿ ಮಧುರೈಯಲ್ಲಿ ಜಾನ್ ಗಿಲ್ ವರದಿ ಮಾಡಿದ ಈ ಸೋಂಕು ಮುಳ್ಳು ಚುಚ್ಚಿದ ಗಾಯದಿಂದ ಒಳಸೇರಿ ಗಡ್ಡೆಯಂತೆಯೇ ಊದುತ್ತದೆ. ಕೀವಿನ ಜೊತೆ ಸಣ್ಣ ಕಣಗಳು ಹೊರಬಂದರೆ ಗುಟ್ಟು ರಟ್ಟು.

ಸಾರ್ಕೋಮಾದ ದಾರಿ ಬೇರೆ. ಮೊದಲು ಎಂಆರ್‌ಐ, ಆಮೇಲೆ ಸೂಜಿಯಿಂದ ಬಯಾಪ್ಸಿ, ಅನಂತರ ಸುತ್ತಲಿನ ಒಂದಿಷ್ಟು ಆರೋಗ್ಯಕರ ಭಾಗವನ್ನೂ ಸೇರಿಸಿ ಶಸ್ತ್ರಚಿಕಿತ್ಸೆ, ಬೇಕಾದರೆ ವಿಕಿರಣ. ಬಯಾಪ್ಸಿಗೆ ಮುನ್ನವೇ 'ಸಣ್ಣ ಗಂಟು ತಾನೆ' ಎಂದು ಕೊಯ್ದುಬಿಡುವುದೇ ದೊಡ್ಡ ಎಡವಟ್ಟು. ಬೆಳೆಯುತ್ತಿರುವ ಗಂಟನ್ನು ಹುಬ್ಬಳ್ಳಿಯ ತಜ್ಞರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲೋ ಬೇಗ ತೋರಿಸಿ.