ವೇಲ್ಸಿನಲ್ಲಿ ಊಟ, ನೋಟ

ಕೋಶ ಓದಬೇಕು, ದೇಶ ಸುತ್ತಬೇಕು ಎಂಬುದು ಹಿರಿಯರ ಮಾತು. ಇವೆರಡೂ ಬೇರೆ ಬೇರೆ ಕೆಲಸಗಳೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ, ಸುತ್ತಲು ದೊರೆಯುವ ಕಾಲ ಕಡಿಮೆಯಾದಷ್ಟೂ ಮುಂಚಿತವಾಗಿ ಓದಿ ತಿಳಿಯಬೇಕಾದುದು ಹೆಚ್ಚಾಗುತ್ತದೆ. ಒಂದು ನಾಡಿನಲ್ಲಿ ತಿಂಗಳುಗಟ್ಟಲೆ ತಂಗುವವನು ಎಡವುತ್ತ, ತಿದ್ದಿಕೊಳ್ಳುತ್ತ ಅದನ್ನು ಅರಿಯಬಲ್ಲನು. ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ಸಂಜೆ ಹಿಂದಿರುಗುವವನಿಗೆ ಅಂತಹ ಅವಕಾಶವಿಲ್ಲ. ಬ್ರಿಟನ್ನಿನ ಜನಜೀವನದಲ್ಲಿ ಇಂತಹ ವಾರಾಂತ್ಯದ ಕಿರುಪ್ರವಾಸಕ್ಕೆ ವಿಶೇಷ ಸ್ಥಾನವಿದೆ. ಅಲ್ಲಿನ ನಗರಗಳ ಗದ್ದಲದಿಂದ ಬಿಡುಗಡೆ ಬಯಸುವವರು ಎರಡು ದಿನಗಳ ಮಟ್ಟಿಗೆ ವೇಲ್ಸಿನ ಬೆಟ್ಟಗಳತ್ತ ಮುಖ ಮಾಡುತ್ತಾರೆ. ಹೊರಡುವ ಮುನ್ನ ಅವರ ಮುಂದೆ ನಿಲ್ಲುವ ಪ್ರಶ್ನೆಗಳು ಎರಡು: ಎಲ್ಲಿ ಉಣ್ಣಬೇಕು, ಎಲ್ಲಿ ನಿಂತು ಚಿತ್ರ ತೆಗೆಯಬೇಕು? ಮೇಲುನೋಟಕ್ಕೆ ಇವು ಸಣ್ಣ ಪ್ರಶ್ನೆಗಳು. ಆದರೆ ಇವುಗಳ ಜಾಡು ಹಿಡಿದು ಹೋದವನು ಆ ನಾಡಿನ ಅಂತರಂಗವನ್ನೇ ಮುಟ್ಟುತ್ತಾನೆ.

ವೇಲ್ಸ್ ಬ್ರಿಟನ್ ದ್ವೀಪದ ಪಶ್ಚಿಮಕ್ಕೆ ಚಾಚಿಕೊಂಡಿರುವ ಪುಟ್ಟ ನಾಡು. ಅದರ ವಿಸ್ತೀರ್ಣ ಸುಮಾರು 20,700 ಚದರ ಕಿಲೋಮೀಟರು. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 31 ಲಕ್ಷ. ಇಂಗ್ಲಿಷಿಗಿಂತ ಮೊದಲೇ ಆ ದ್ವೀಪದಲ್ಲಿ ಬೇರೂರಿದ್ದ ನುಡಿಯಿಂದ ಬೆಳೆದುಬಂದ ವೆಲ್ಷ್ ಭಾಷೆಯನ್ನು ಬಲ್ಲೆವೆಂದು ಆ ಗಣತಿಯಲ್ಲಿ ಹೇಳಿಕೊಂಡವರು ಸುಮಾರು 5 ಲಕ್ಷ 38 ಸಾವಿರ ಮಂದಿ. ಹೊರಗಿನವರು ಸ್ನೋಡನ್ ಎಂದು ಕರೆಯುವ 1,085 ಮೀಟರು ಎತ್ತರದ ಶಿಖರಕ್ಕೆ ಅವರ ಭಾಷೆಯಲ್ಲಿ ಅರ್ ವಿದ್‌ವ ಎಂಬ ಹೆಸರಿದೆ. ಸಮಾಧಿಯ ದಿಬ್ಬ ಎಂಬುದು ಅದರ ಅರ್ಥ. ಅರಸರ ಗಡ್ಡಗಳಿಂದ ನಿಲುವಂಗಿ ಹೊಲಿಸಿಕೊಂಡಿದ್ದ ರಿಟಾ ಎಂಬ ದೈತ್ಯನನ್ನು ಆರ್ಥರ್ ರಾಜನು ಕೊಂದು ಅಲ್ಲಿ ಹೂಳಿದನೆಂದು ಐತಿಹ್ಯ ಹೇಳುತ್ತದೆ. ಸುತ್ತಲಿನ ರಾಷ್ಟ್ರೀಯ ಉದ್ಯಾನದ ಆಡಳಿತವು ಶಿಖರಕ್ಕೆ ಈ ಹೆಸರನ್ನೂ ಪ್ರದೇಶಕ್ಕೆ ಎರರಿ ಎಂಬ ಹೆಸರನ್ನೂ ಬಳಸಲು 2022ರಲ್ಲಿ ನಿರ್ಧರಿಸಿತು. ಊರನ್ನು ಊರಿನವರು ಕರೆಯುವಂತೆ ಕರೆಯುವುದು ಅತಿಥಿಯ ಮೊದಲ ಸೌಜನ್ಯವಾಗಿದೆ.

ಎರಡು ದಿನಗಳಲ್ಲಿ ವೇಲ್ಸನ್ನೆಲ್ಲ ನೋಡಹೊರಡುವುದು ಅವಿವೇಕ. ದಕ್ಷಿಣದ ಗವರ್ ಪರ್ಯಾಯ ದ್ವೀಪ, ಪಶ್ಚಿಮದ ಪೆಂಬ್ರೋಕ್ ಕಡಲತೀರ ಇವೆಲ್ಲ ಒಂದೊಂದೂ ಪ್ರತ್ಯೇಕ ಪ್ರವಾಸಕ್ಕೆ ಯೋಗ್ಯವಾದವು. ವಾಯವ್ಯ ಮೂಲೆಯನ್ನು ಆರಿಸಿಕೊಂಡರೆ ಕಾನ್ವಿ, ಕೆರ್ನಾರ್ವನ್ ಎಂಬ ಎರಡು ಕೋಟೆಯೂರುಗಳೂ ಎರರಿಯ ಬೆಟ್ಟಸಾಲೂ ಸನಿಹದಲ್ಲಿಯೇ ದೊರೆಯುತ್ತವೆ. ಕಾನ್ವಿಯಿಂದ ಕೆರ್ನಾರ್ವನ್ನಿಗೆ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು. ಅಲ್ಲಿಂದ ಬೆಟ್ಟದಡಿಯ ಲ್ಯಾನ್‌ಬೆರಿಸ್ ಗ್ರಾಮಕ್ಕೆ ಸುಮಾರು 12 ಕಿಲೋಮೀಟರು. ದಾರಿಯಲ್ಲಿ ಕಳೆಯುವ ಕಾಲ ಕಡಿಮೆಯಾದರೆ ನೋಡುವ ಕಾಲ ಹೆಚ್ಚುತ್ತದೆ.

ಚಿತ್ರ ತೆಗೆಯುವವನು ಸ್ಥಳಕ್ಕಿಂತ ಮೊದಲು ಬೆಳಕನ್ನು ಕುರಿತು ಯೋಚಿಸಬೇಕು. ಈ ಪ್ರದೇಶವು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳಿನಲ್ಲಿ ಸೂರ್ಯನು ಬೆಳಿಗ್ಗೆ ಐದಕ್ಕೆ ಮೊದಲೇ ಉದಯಿಸಿ ರಾತ್ರಿ ಒಂಬತ್ತೂವರೆಯ ನಂತರ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯೂ ಇರದೆ ಸಂಜೆ ನಾಲ್ಕರ ಹೊತ್ತಿಗೆ ಕತ್ತಲಾವರಿಸುತ್ತದೆ. ಆದುದರಿಂದ ಬೇಸಿಗೆಯ ಪ್ರವಾಸಿಯು ರಾತ್ರಿಯ ಊಟ ಮುಗಿಸಿ ಸಂಜೆಯ ಚಿತ್ರಗಳನ್ನು ತೆಗೆಯಬಲ್ಲನು. ಚಳಿಗಾಲದವನು ಮಧ್ಯಾಹ್ನದ ಊಟವನ್ನು ಬೇಗನೆ ಮುಗಿಸದಿದ್ದರೆ ಬೆಳಕನ್ನು ಕಳೆದುಕೊಳ್ಳುತ್ತಾನೆ. ಇದಲ್ಲದೆ ಮಳೆಯ ಲೆಕ್ಕವೂ ಇದೆ. ಅಟ್ಲಾಂಟಿಕ್ ಸಾಗರದಿಂದ ಬೀಸುವ ತೇವದ ಗಾಳಿ ಈ ಬೆಟ್ಟಗಳಿಗೆ ತಾಗಿ ಮೇಲೇರಿ ತಣಿಯುವುದರಿಂದ ಎತ್ತರದ ಶಿಖರಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಮಳೆಯನ್ನು ಶತ್ರುವೆಂದು ಬಗೆಯಬೇಕಾಗಿಲ್ಲ. ಒಣಗಿದಾಗ ಬೂದಿಯಂತೆ ಕಾಣುವ ಕಲ್ಲು ನೆನೆದಾಗ ನೇರಳೆಯ ಛಾಯೆಯನ್ನು ತಳೆಯುತ್ತದೆ. ಮೋಡ ಬಿರಿದ ಕ್ಷಣದಲ್ಲಿ ಕಣಿವೆಯ ಒಂದು ಗದ್ದೆಯಷ್ಟೇ ಬೆಳಗಿ ಉಳಿದುದೆಲ್ಲ ಮಬ್ಬಿನಲ್ಲಿ ನಿಲ್ಲುತ್ತದೆ.

ಶನಿವಾರದ ಬೆಳಗು ಕಾನ್ವಿಗೆ ಮೀಸಲಾಗಿರಲಿ. ಅಲ್ಲಿನ ಕೋಟೆ ನದಿಯ ಪಶ್ಚಿಮ ದಂಡೆಯಲ್ಲಿದೆ. ಬೆಳಿಗ್ಗೆ ಪೂರ್ವ ದಂಡೆಯಲ್ಲಿ ನಿಂತರೆ ಸೂರ್ಯನು ಬೆನ್ನ ಹಿಂದಿದ್ದು ಎಂಟು ಮಹಾಗೋಪುರಗಳ ಮೇಲೂ ಬೆಳಕು ನೇರವಾಗಿ ಬೀಳುತ್ತದೆ. ಸಂಜೆ ಅದೇ ಸ್ಥಳದಿಂದ ಕೋಟೆ ಕಪ್ಪು ಆಕೃತಿಯಾಗಿ ಕಾಣುತ್ತದೆ. ಇಲ್ಲಿ ನದಿ ಸಮುದ್ರವನ್ನು ಸೇರುವುದರಿಂದ ಉಬ್ಬರವಿಳಿತದ ವೇಳೆಯನ್ನೂ ಮುಂಚಿತವಾಗಿ ತಿಳಿದಿರಬೇಕು. ಉಬ್ಬರದಲ್ಲಿ ಕೋಟೆಯ ಪ್ರತಿಬಿಂಬ ದೊರೆತರೆ, ಇಳಿತದಲ್ಲಿ ಕೆಸರಿನ ಮೇಲೆ ಓರೆಯಾಗಿ ಮಲಗಿದ ದೋಣಿಗಳು ದೊರೆಯುತ್ತವೆ. ಥಾಮಸ್ ಟೆಲ್‌ಫರ್ಡನು ಕಟ್ಟಿ 1826ರಲ್ಲಿ ಮುಗಿಸಿದ ತೂಗುಸೇತುವೆಯೂ, ಬ್ರಿಟನ್ನಿನಲ್ಲಿಯೇ ಅತಿ ಚಿಕ್ಕದೆಂದು ಹೆಸರಾದ, ಎರಡು ಮೀಟರು ಅಗಲವೂ ಇಲ್ಲದ ಕೆಂಪು ಮನೆಯೂ ಹತ್ತಿರದಲ್ಲಿಯೇ ಇವೆ.

ಈ ಸುಂದರ ಕೋಟೆ ಗೆದ್ದವರು ಸೋತವರ ನೆಲದಲ್ಲಿ ಕಟ್ಟಿದ್ದು ಎಂಬುದನ್ನು ಚಿತ್ರ ತೆಗೆಯುವವನು ಮರೆಯಬಾರದು. ವೇಲ್ಸಿನ ರಾಜಕುಮಾರ ಲಿವೆಲಿನ್ 1282ರಲ್ಲಿ ಹತನಾದ ಮೇಲೆ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1283ರಿಂದ 1287ರ ಅವಧಿಯಲ್ಲಿ ಇದನ್ನು ಎಬ್ಬಿಸಿದನು. ಅದಕ್ಕಾಗಿ ಅಲ್ಲಿದ್ದ ಸನ್ಯಾಸಿಮಠವನ್ನು ಬೇರೆಡೆಗೆ ಸಾಗಿಸಲಾಯಿತು. ಕೋಟೆಯ ಜೊತೆಗೆ ಗೋಡೆ ಸುತ್ತುವರಿದ ಊರನ್ನು ನಿರ್ಮಿಸಿ ಅಲ್ಲಿ ಇಂಗ್ಲಿಷರನ್ನು ನೆಲೆಗೊಳಿಸಲಾಯಿತು. ಕಾನ್ವಿ, ಕೆರ್ನಾರ್ವನ್, ಹಾರ್ಲೆಕ್, ಬೊಮಾರಿಸ್ ಕೋಟೆಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಇನ್ನು ಊಟದ ವಿಚಾರ. ಹಸಿದಾಗ ಉಣ್ಣೋಣವೆಂಬ ನಿಲುವು ಅಲ್ಲಿ ಸಲ್ಲದು. ಸಣ್ಣ ಊರುಗಳಲ್ಲಿ ಅನೇಕ ಅಡುಗೆಮನೆಗಳು ಮಧ್ಯಾಹ್ನ ಎರಡು ಎರಡೂವರೆಗೆ ಮುಚ್ಚಿ ಸಂಜೆಗೆ ತೆರೆಯುತ್ತವೆ. ರಾತ್ರಿ ಒಂಬತ್ತರ ನಂತರ ಊಟ ದೊರೆಯುವುದು ಕಷ್ಟ. ಭಾನುವಾರ ಮಧ್ಯಾಹ್ನ ಕುಟುಂಬಗಳೆಲ್ಲ ಹೊರಗೆ ಊಟಕ್ಕೆ ಬರುವುದರಿಂದ ಸ್ಥಳವನ್ನು ಮೊದಲೇ ಕಾದಿರಿಸಬೇಕು. ಒಂದು ಕಾಲದಲ್ಲಿ ಅಲ್ಲಿನ ಭಾನುವಾರ ಇನ್ನೂ ಕಠಿಣವಾಗಿತ್ತು. 1881ರ ಕಾಯಿದೆಯೊಂದು ವೇಲ್ಸಿನ ಪಾನಗೃಹಗಳನ್ನು ಭಾನುವಾರ ಮುಚ್ಚಿಸಿತ್ತು. 1961ರಿಂದ ಪ್ರತಿಯೊಂದು ಪ್ರದೇಶದ ಜನರೂ ಮತದ ಮೂಲಕ ಇದನ್ನು ನಿರ್ಧರಿಸುವ ಹಕ್ಕು ಪಡೆದರು. ವಾಯವ್ಯದ ದ್ವಿವೋರ್ ಪ್ರದೇಶ 1996ರವರೆಗೂ ಈ ನಿಷೇಧವನ್ನು ಉಳಿಸಿಕೊಂಡಿತ್ತು. ಪ್ರಾರ್ಥನಾಮಂದಿರವೇ ಜನಜೀವನದ ಕೇಂದ್ರವಾಗಿದ್ದ ಕಾಲದ ಗುರುತು ಅದು.

ಅಲ್ಲಿನ ತಿನಿಸುಗಳು ದುಡಿಯುವವರ ಮನೆಯಲ್ಲಿ ಹುಟ್ಟಿದವು. ಕುರಿಮಾಂಸ, ಗೆಡ್ಡೆಗೆಣಸು, ಈರುಳ್ಳಿಯ ಜಾತಿಯ ಲೀಕ್ ಸೇರಿಸಿ ನಿಧಾನವಾಗಿ ಬೇಯಿಸಿದ ಕೌಲ್ ಎಂಬ ಸಾರು ಚಳಿಗೆ ಹಿತಕರ. ದಕ್ಷಿಣ ತೀರದಲ್ಲಿ ಕಡಲ ಪಾಚಿಯನ್ನು ಗಂಟೆಗಟ್ಟಲೆ ಬೇಯಿಸಿ ಮಾಡುವ ಲೇವರ್‌ಬ್ರೆಡ್ ಹೆಸರಿಗೆ ಮಾತ್ರ ಬ್ರೆಡ್. ಕಾನ್ವಿ ನದಿಯ ಮುಖದಲ್ಲಿ ಬೆಸ್ತರು ಉದ್ದನೆಯ ಕುಂಟೆಗಳಿಂದ ಕೆರೆದು ತೆಗೆಯುವ ಮಸೆಲ್ ಎಂಬ ಚಿಪ್ಪುಜೀವಿ ಆ ಊರಿನ ಹೆಮ್ಮೆ. ಸಸ್ಯಾಹಾರಿಯೂ ನಿರಾಶನಾಗಬೇಕಾಗಿಲ್ಲ. ಗಿಣ್ಣು, ಲೀಕ್, ಬ್ರೆಡ್ಡಿನ ಪುಡಿ ಕಲಸಿ ಕರಿಯುವ ಗ್ಲಾಮೋರ್ಗನ್ ಸಾಸೇಜಿನಲ್ಲಿ ಮಾಂಸವೇ ಇರುವುದಿಲ್ಲ. ಕರಗಿಸಿದ ಗಿಣ್ಣನ್ನು ಸುಟ್ಟ ಬ್ರೆಡ್ಡಿನ ಮೇಲೆ ಸುರಿದ ವೆಲ್ಷ್ ರ್‍ಯಾರ್‌ಬಿಟ್, ಒಣದ್ರಾಕ್ಷಿಯನ್ನು ಚಹಾದಲ್ಲಿ ನೆನೆಸಿ ಮಾಡುವ ಬಾರಾ ಬ್ರಿತ್, ಕಬ್ಬಿಣದ ಕಾವಲಿಯ ಮೇಲೆ ಬೇಯಿಸುವ ಪುಟ್ಟ ವೆಲ್ಷ್ ಕೇಕುಗಳು ಎಲ್ಲೆಡೆ ದೊರೆಯುತ್ತವೆ. ಆದರೂ ಮೊಟ್ಟೆ, ಕೊಬ್ಬುಗಳ ಬಗೆಗೆ ವಿಚಾರಿಸಿಕೊಳ್ಳುವುದು ಲೇಸು.

ಶನಿವಾರದ ಸಂಜೆಗೆ ಕೆರ್ನಾರ್ವನ್ ತಕ್ಕ ಸ್ಥಳ. ಸೈಂಟ್ ನದಿಯ ಆಚೆ ದಂಡೆಗೆ ನಡೆದುಹೋದರೆ ಇಳಿಬಿಸಿಲು ಕೋಟೆಯ ಬಣ್ಣಬಣ್ಣದ ಕಲ್ಲುಪಟ್ಟೆಗಳನ್ನು ಎತ್ತಿ ತೋರಿಸುತ್ತದೆ. ಬೀದಿಯಲ್ಲಿ ಕಿವಿಗೊಟ್ಟರೆ ವೆಲ್ಷ್ ಭಾಷೆಯ ಮಾತು ಸಹಜವಾಗಿ ಕೇಳಿಬರುತ್ತದೆ. ಊಟಕ್ಕೆ ಕುಳಿತಲ್ಲಿ ‘ದಿಯೋಲ್ಖ್’ ಎಂದು ವಂದನೆ ಹೇಳುವ ಅತಿಥಿಗೆ ಬಡಿಸುವವರ ಮುಖದಲ್ಲಿ ನಗೆಯೊಂದು ಹೆಚ್ಚಾಗಿ ದೊರೆಯುತ್ತದೆ.

ಭಾನುವಾರ ಬೆಳಿಗ್ಗೆ ಬೇಗನೆದ್ದು ಕಾಪೆಲ್ ಕ್ಯೂರಿಗ್ ಗ್ರಾಮದ ಮಿಂಬಿರ್ ಸರೋವರಗಳ ದಂಡೆಗೆ ಹೋಗಬೇಕು. ಗಾಳಿಯಿಲ್ಲದ ಮುಂಜಾವಿನಲ್ಲಿ ಪಶ್ಚಿಮಕ್ಕಿರುವ ಅರ್ ವಿದ್‌ವ ಶಿಖರವೂ ಅದರ ನೆರೆಯ ಶಿಖರಗಳೂ ಕುದುರೆಲಾಳದ ಆಕಾರದಲ್ಲಿ ಹರಡಿ, ನೀರಿನಲ್ಲಿ ಮೂಡುತ್ತವೆ. ಎರಡೇ ದಿನಗಳಿರುವವನು ಶಿಖರವನ್ನು ಏರಿಯೇ ತೀರಬೇಕೆಂಬ ಹಟ ಹಿಡಿಯಬಾರದು. ಕ್ಷಣಾರ್ಧದಲ್ಲಿ ಮಂಜು ಕವಿಯುವ ಆ ಬೆಟ್ಟದಲ್ಲಿ ಅಪಾಯಕ್ಕೆ ಸಿಲುಕಿದವರನ್ನು ಹುಡುಕಿ ತರುವವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. 2020ರ ಬೇಸಿಗೆಯಲ್ಲಿ ಕಾರುಗಳು ಬೆಟ್ಟದ ರಸ್ತೆಯ ಅಂಚಿನುದ್ದಕ್ಕೂ ನಿಂತು ದಾರಿ ಕಟ್ಟಿದವು. ಆ ಬಳಿಕ ಪೆನ್-ಇ-ಪಾಸ್ ಎಂಬಲ್ಲಿ ಜನಸಂದಣಿಯ ಕಾಲಕ್ಕೆ ವಾಹನದ ತಂಗುದಾಣವನ್ನು ಮೊದಲೇ ಕಾದಿರಿಸುವ ನಿಯಮ ಬಂದಿತು. ಸುತ್ತಲಿನ ಹಳ್ಳಿಗಳಿಂದ ಓಡುವ ಬಸ್ಸನ್ನು ಬಳಸುವುದೇ ವಿವೇಕ.

ಲ್ಯಾನ್‌ಬೆರಿಸಿನ ಸರೋವರದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ನೇರಳೆ ಬಣ್ಣದ ಬೆಟ್ಟವೊಂದು ಕಾಣುತ್ತದೆ. ಕ್ಯಾಮರಾ ಹಿಡಿದ ಪ್ರತಿಯೊಬ್ಬನೂ ಅದರತ್ತ ತಿರುಗುತ್ತಾನೆ. ಅದು ಪ್ರಕೃತಿಯ ಕೈಕೆಲಸವಲ್ಲ. ದಿನೋರ್ವಿಗ್ ಸ್ಲೇಟು ಗಣಿ. ಮಾಡಿಗೆ ಹೊದಿಸುವ ಹಲಗೆಗಲ್ಲನ್ನೂ ಮಕ್ಕಳು ಅಕ್ಷರ ತಿದ್ದುವ ಪಾಟಿಯನ್ನೂ ಒದಗಿಸಿದ ಉದ್ಯಮ ಅದು. ಏಳಿಗೆಯ ಕಾಲದಲ್ಲಿ 3,000ಕ್ಕೂ ಹೆಚ್ಚು ಜನ ಅಲ್ಲಿ ದುಡಿದರು. ಕಲ್ಲಿನ ಧೂಳು ಅನೇಕರ ಶ್ವಾಸಕೋಶವನ್ನು ತಿಂದಿತು. 1969ರಲ್ಲಿ ಗಣಿ ಮುಚ್ಚಿತು. ಸಮೀಪದ ಪೆನ್ರಿನ್ ಗಣಿಯಲ್ಲಿ 1900ರಿಂದ 1903ರವರೆಗೆ ಮೂರು ವರ್ಷ ಮುಷ್ಕರ ನಡೆಯಿತು. ಈ ಮನೆಯಲ್ಲಿ ದ್ರೋಹಿಯಿಲ್ಲವೆಂದು ಬರೆದ ಚೀಟಿಯನ್ನು ಕಾರ್ಮಿಕರು ತಮ್ಮ ಕಿಟಕಿಗಳಲ್ಲಿ ಅಂಟಿಸಿದ್ದರು. ಈ ಸ್ಲೇಟು ಪ್ರದೇಶ 2021ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಪಡೆಯಿತು.

ಗಣಿಕಾರ್ಮಿಕರ ಊಟದ ತಾಣವೇ ಈ ನಾಡಿನ ಅತ್ಯಂತ ಸ್ಮರಣೀಯ ಭೋಜನಶಾಲೆ ಎನ್ನಬೇಕು. ಕಾಬಾನ್ ಎಂದು ಕರೆಯುತ್ತಿದ್ದ ಆ ಪುಟ್ಟ ಕಲ್ಲುಗುಡಿಸಲಿನಲ್ಲಿ ಅವರು ಮಧ್ಯಾಹ್ನ ಬುತ್ತಿ ಬಿಚ್ಚಿ, ಕಡುಕಪ್ಪು ಚಹಾ ಕುಡಿಯುತ್ತಿದ್ದರು. ಆ ಅಲ್ಪ ವಿರಾಮದಲ್ಲಿ ರಾಜಕೀಯ, ಧರ್ಮ, ಸಾಹಿತ್ಯಗಳ ಮೇಲೆ ಚರ್ಚೆ ನಡೆಯುತ್ತಿತ್ತು; ಹಾಡುಗಾರಿಕೆ, ಕವಿತಾವಾಚನಗಳ ಸ್ಪರ್ಧೆ ಏರ್ಪಡುತ್ತಿತ್ತು. ಅವರಿಗೆ ತುತ್ತಿನ ಜೊತೆಗೆ ವಿದ್ಯೆಯೂ ಅಲ್ಲಿಯೇ ದೊರೆಯಿತು. ಇದನ್ನು ತಿಳಿದವನು ಲ್ಯಾನ್‌ಬೆರಿಸಿನ ಯಾವ ಚಹಾದಂಗಡಿಯಲ್ಲಿ ಕುಳಿತರೂ ಎದುರಿನ ಬೆಟ್ಟ ಬೇರೆಯಾಗಿಯೇ ಕಾಣುತ್ತದೆ.

ಜನರ ಚಿತ್ರ ತೆಗೆಯುವುದಕ್ಕೂ ಇಲ್ಲಿ ಒಳ್ಳೆಯ ಮೇಲ್ಪಂಕ್ತಿಯಿದೆ. ವೇಲ್ಸಿನಲ್ಲಿ ತೆಗೆದು ಉಳಿದುಬಂದಿರುವ ಅತ್ಯಂತ ಹಳೆಯ ಛಾಯಾಚಿತ್ರ ಕಾಲ್ವರ್ಟ್ ಜೋನ್ಸ್ ಎಂಬ ಪಾದ್ರಿ 1841ರಲ್ಲಿ ತೆಗೆದ ಮಾರ್ಗಮ್ ಭವನದ್ದು. ಮುಂದೆ ಜಾನ್ ಥಾಮಸ್ (1838–1905) ಎಂಬುವನು ಭಾರವಾದ ಗಾಜಿನ ಫಲಕಗಳನ್ನು ಹೊತ್ತು ಊರೂರು ಅಲೆದು, ಸಿರಿವಂತರನ್ನಷ್ಟೇ ಅಲ್ಲದೆ ಹಳ್ಳಿಗರನ್ನೂ ಬಡವರನ್ನೂ ಚಿತ್ರಿಸಿದನು. ಆತನ 3,000ಕ್ಕೂ ಹೆಚ್ಚು ಫಲಕಗಳು ಅಬೆರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಆ ಚಿತ್ರಗಳಲ್ಲಿ ಜನರು ಹಿನ್ನೆಲೆಯಾಗಿರದೆ ತಾವೇ ವಿಷಯವಾಗಿ ನಿಂತಿದ್ದಾರೆ. ಅನುಮತಿ ಕೇಳಿ, ಎರಡು ಮಾತನಾಡಿ ತೆಗೆದ ಒಂದು ಚಿತ್ರ ಕದ್ದು ತೆಗೆದ ನೂರಕ್ಕೆ ಸಮ.

ಕನ್ನಡಿಗನಾದ ಪ್ರವಾಸಿಗೆ ಇನ್ನೂ ಅರ್ಧ ದಿನ ದೊರೆತರೆ ಮಧ್ಯ ವೇಲ್ಸಿನ ವೆಲ್ಷ್‌ಪೂಲ್ ಬಳಿಯ ಪೊವಿಸ್ ಕೋಟೆಯಲ್ಲಿ ಅನಿರೀಕ್ಷಿತವಾದ ನೋಟವೊಂದು ಕಾದಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕ್ಲೈವ್ ಮನೆತನದ ವಶಕ್ಕೆ ಬಂದ ಟಿಪ್ಪು ಸುಲ್ತಾನನ ಹೂಚಿತ್ರದ ಹತ್ತಿಬಟ್ಟೆಯ ಡೇರೆಯೂ ಆತನ ಸಿಂಹಾಸನದ ಹುಲಿಮೊಗದ ಕಳಸವೂ ಅಲ್ಲಿವೆ. ಕಾನ್ವಿಯ ಗೋಪುರಗಳು ಹೇಳುವ ಸೋತವರ ಕಥೆಗೆ ಕಾವೇರಿಯ ದಂಡೆಯ ಅಧ್ಯಾಯವೊಂದು ಅಲ್ಲಿ ಬಂದು ಕೂಡುತ್ತದೆ.

ಪ್ರವಾಸದ ಯೋಜನೆಯೆಂದರೆ ವೇಳಾಪಟ್ಟಿಯನ್ನು ತುಂಬುವುದಲ್ಲ. ದಿನಕ್ಕೆ ಎರಡು ನೋಟ, ಎರಡು ಊಟ ಗೊತ್ತುಮಾಡಿಕೊಂಡು, ಮಳೆ ಬಂದರೆ ಏನು ಮಾಡಬೇಕೆಂಬುದನ್ನು ನಿಶ್ಚಯಿಸಿ, ಉಳಿದ ಹೊತ್ತನ್ನು ಖಾಲಿಯಾಗಿ ಬಿಡುವುದು ಒಳ್ಳೆಯ ಕ್ರಮ. ನಾಲಗೆಗೆ ತಾಗಿದ್ದು ಯಾರ ಮನೆಯ ಒಲೆಯಲ್ಲಿ ಹುಟ್ಟಿತು, ಕಣ್ಣಿಗೆ ಕಂಡದ್ದು ಯಾರ ಕೈಯಲ್ಲಿ ರೂಪುಗೊಂಡಿತು ಎಂದು ಕೇಳಿಕೊಳ್ಳುವವನಿಗೆ ಎರಡು ದಿನಗಳೂ ಸಾಕಾಗುತ್ತವೆ. ಕೇಳದವನಿಗೆ ಎರಡು ತಿಂಗಳೂ ಸಾಲವು.